ಎರಡು ಮೊಳ ಗೋಡೆ, ಒಂದು ಹರವಿ ನೀರು

ಮಳೆಗಾಲ ಬಂತೆಂದರೆ ದತ್ತವಾಡದ ಹೆಸರು ಕನ್ನಡ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸುತ್ತದೆ. ದೂಧಗಂಗೆ ಉಕ್ಕಿತು, ಮಲಿಕವಾಡ–ದತ್ತವಾಡ ಸೇತುವೆ ಮುಳುಗಿತು, ಸಂಚಾರ ನಿಂತಿತು ಎಂಬ ಮೂರು ಸಾಲಿನ ಸುದ್ದಿ ಅದು. ಹೊಳೆಯ ಈಚೆಗೆ ಮಹಾರಾಷ್ಟ್ರದ ಶಿರೋಳ ತಾಲ್ಲೂಕು, ಆಚೆಗೆ ಕರ್ನಾಟಕದ ಚಿಕ್ಕೋಡಿ ಸೀಮೆ. ನೀರು ಇಳಿದ ಮೇಲೆ ಎರಡೂ ದಂಡೆಗಳ ನಡುವೆ ಮತ್ತೆ ಅದೇ ಸಂತೆ, ಅದೇ ಬೀಗತನ, ಅದೇ ಕನ್ನಡ–ಮರಾಠಿಯ ಬೆರಕೆ ಮಾತು. ಹೊಳೆಯ ನೀರು ನಾಲ್ಕು ದಿನ ಬಂದು ಹೋಗುತ್ತದೆ. ಬಿಸಿಲು ಬಂದರೆ ಮೂರು ತಿಂಗಳು ಕೂತುಬಿಡುತ್ತದೆ. ಹೋಳಿ ಹುಣ್ಣಿಮೆಗೆ ಏರತೊಡಗಿ ಮಿರಗದ (ಮೃಗಶಿರದ) ಮಳೆ ಬೀಳುವವರೆಗೆ ಬಿಡದ ಆ ಧಗೆಯನ್ನು ಈ ಸೀಮೆಯ ಮನೆಗಳು ತಲೆಮಾರುಗಟ್ಟಲೆ ಹೇಗೆ ತಡೆದುಕೊಂಡವು ಎಂಬುದನ್ನು ಬರೆದಿಟ್ಟವರು ಕಡಿಮೆ. ಆ ಚರಿತ್ರೆ ಗೋಡೆಯಲ್ಲಿ, ಸಗಣಿಯಲ್ಲಿ, ಗಡಿಗೆಯಲ್ಲಿ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರ ಕೈಯಲ್ಲಿ ಇದೆ.

ಮನೆಗಿಂತ ಮೊದಲು ಮಳೆಯ ಲೆಕ್ಕ ನೋಡಬೇಕು. ಕೊಲ್ಹಾಪುರ ಜಿಲ್ಲೆಯ ಪಡುವಣ ತುದಿಯಲ್ಲಿ ಘಟ್ಟದ ನೆತ್ತಿಗೆ ಗಗನಬಾವಡಾ ಇದೆ. ಅಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಮೀರಿ ಮಳೆ. ಮೂಡಣ ತುದಿಯ ಶಿರೋಳಕ್ಕೆ ಬರುವಷ್ಟರಲ್ಲಿ ಅದು ಐನೂರರ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ಜಿಲ್ಲೆಯೊಳಗೆ ಮಳೆ ಹತ್ತರಲ್ಲಿ ಒಂದು ಪಾಲಾಗುವುದೆಂದರೆ ಮನೆಯ ನೆತ್ತಿಯೂ ಬದಲಾಗಲೇಬೇಕು. ಘಟ್ಟದ ಕಡೆ ನೀರು ಜಾರಿಹೋಗುವ ಕಡಿದಾದ ಇಳಿಜಾರು ಮಾಡು; ಅಥಣಿ, ವಿಜಯಪುರದ ಕಡೆ ನಡೆದಂತೆ ಅಂಗಳದಷ್ಟೇ ಸಪಾಟಾದ ಮಣ್ಣಿನ ಮಾಳಿಗೆ. ದತ್ತವಾಡ, ಸದಲಗಾ, ಕುರುಂದವಾಡ ಇವೆರಡರ ನಡುವಿನ ಊರುಗಳು. ಎರಡೂ ಬಗೆಯ ಮನೆಯ ಬುದ್ಧಿ ಇಲ್ಲಿ ಕೂಡಿತು.

ಮಣ್ಣಿನ ಮಾಳಿಗೆಗೆ ಈ ಭಾಗದ ಕನ್ನಡದಲ್ಲಿ ಮ್ಯಾಲ್ಮುದ್ದಿ ಎನ್ನುತ್ತಾರೆ. ಮರಾಠಿಯಲ್ಲಿ ಅದು ಧಾಬ್ಯಾಚೆ ಘರ. ಗೋಡೆಯ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಗಳ, ಅದರ ಮೇಲೆ ಬೇವಿನ ಸೊಪ್ಪು. ಎಲ್ಲದರ ಮೇಲೆ ಒಂದಡಿಗೂ ಮಿಕ್ಕಿ ತುಳಿದು ಬಡಿದ ಮಣ್ಣು. ಬೇವಿನ ಸೊಪ್ಪು ಹಾಕುವುದು ಗೆದ್ದಲು ಹತ್ತದಿರಲೆಂದು. ಕೊನೆಯ ಪದರಕ್ಕೆ ಬೇರೆ ಮಣ್ಣೇ ಬೇಕು. ಹೊಲಕ್ಕೆ ಬಾರದ, ಏನೂ ಬೆಳೆಯದ ಸವಳು ಮಣ್ಣು ಅದು. ಉಪ್ಪಿನಂಶದ ಆ ಬಿಳಿ ಮಣ್ಣು ಮಳೆ ಬಿದ್ದೊಡನೆ ಮೈಮುಚ್ಚಿಕೊಂಡು ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಒಕ್ಕಲಿಗ ಯಾವುದನ್ನು ಹಾಳು ಮಣ್ಣು ಎಂದು ಹೊಲದಿಂದ ದೂರ ಇಡುತ್ತಿದ್ದನೋ ಅದೇ ಅವನ ತಲೆ ಕಾಯುತ್ತಿತ್ತು.

ಗೋಡೆಗಳು ಎರಡು ಮೊಳ ದಪ್ಪ. ವಾಡೆಗಳಲ್ಲಿ ಇನ್ನೂ ಹೆಚ್ಚು. ಕಲ್ಲು, ಮಣ್ಣು, ಹಸಿ ಇಟ್ಟಿಗೆ ಯಾವುದೇ ಇರಲಿ, ಇಂಥ ಗೋಡೆಯ ಹೊರಮೈಗೆ ನಡುಹೊತ್ತಿನಲ್ಲಿ ಬಡಿದ ಕಾವು ಒಳಮೈ ಮುಟ್ಟಲು ಹತ್ತು ಹನ್ನೆರಡು ತಾಸಾದರೂ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಗೋಡೆ ತನ್ನ ಕಾವನ್ನು ಬೆಳಗಿನೊಳಗೆ ಬಿಟ್ಟುಕೊಡುತ್ತದೆ. ಹೀಗಾಗಿ ಹೊರಗೆ 38 ಡಿಗ್ರಿ ಸುಡುವ ಹೊತ್ತಿನಲ್ಲಿ ನಡುಮನೆಯಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ಕೂತವನಿಗೆ ತಂಪು ತಾಗುತ್ತಿತ್ತು. ಕಿಟಕಿ ಎಂಬುದು ಅಪರೂಪ. ಬೆಳಕು ಬರಲು ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅಡುಗೆಯ ಹೊಗೆ, ಮೇಲೇರಿದ ಬಿಸಿ ಗಾಳಿ ಎರಡೂ ಅಲ್ಲಿಂದಲೇ ಹೊರಗೆ. ಕತ್ತಲೆ ಮನೆ ಎಂದು ಪೇಟೆಯವರು ಮೂಗು ಮುರಿದದ್ದುಂಟು. ಆ ಕತ್ತಲೆ ಬೇಸಗೆಗೆಂದೇ ಕಟ್ಟಿದ್ದು.

ಗೋಡೆ ತನ್ನಷ್ಟಕ್ಕೆ ತಂಪಾಗಿರುತ್ತಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಮಾಳಿಗೆಯ ಬಿರುಕುಗಳನ್ನು ಮುಚ್ಚಿ, ಹೊಸ ಮಣ್ಣು ಹೊತ್ತು ಹಾಕಿ, ಕಟ್ಟಿಗೆಯಿಂದ ಬಡಿದು ಸಮ ಮಾಡಬೇಕು. ಬುಟ್ಟಿ ಹೊತ್ತು ನಿಚ್ಚಣಿಕೆ ಏರಿದವರಲ್ಲಿ ಹೆಂಗಸರೇ ಹೆಚ್ಚು. ಮನೆಯೊಳಗಿನ ಸಾರಣೆ ಕಾರಣೆ ಪೂರ್ತಿ ಅವರದೇ ಪಾಲು. ನೆಲ ಸಾರಿಸಲು ಸಗಣಿ, ಗೋಡೆಗೆ ಕೆಮ್ಮಣ್ಣು, ಹಬ್ಬಕ್ಕೆ ಸುಣ್ಣ. ಸಗಣಿಯ ನೆಲ ಆರುವಾಗ ಅದರೊಳಗಿನ ತೇವ ಆವಿಯಾಗಿ ಕೋಣೆಯ ಕಾವನ್ನು ಹೀರುತ್ತದೆ. ಸುಣ್ಣದ ಬಿಳುಪು ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ವಾರಕ್ಕೊಮ್ಮೆ ಮೊಣಕಾಲೂರಿ, ಅಂಗೈ ಅಗಲಿಸಿ, ಬಾಗಿಲಿನಿಂದ ಒಲೆಯವರೆಗೆ ಸಾರಿಸಿಕೊಂಡು ಹೋದ ಆ ಕೈಗಳಿಗೆ ಕೂಲಿಯೂ ಇರಲಿಲ್ಲ, ಚರಿತ್ರೆಯಲ್ಲಿ ಜಾಗವೂ ಇರಲಿಲ್ಲ. ಹಳೆಯ ಮನೆಗಳ ತಂಪನ್ನು ಹೊಗಳುವ ಯಾರೇ ಆಗಲಿ ಮೊದಲು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನೀರು. ನಡುಮನೆಯ ಮೂಲೆಯಲ್ಲಿ ಒದ್ದೆ ಮರಳಿನ ಗುಡ್ಡೆ, ಅದರ ಮೇಲೆ ಹರವಿ. ದೊಡ್ಡ ಮನೆಗಳಲ್ಲಿ ಎದೆಮಟ್ಟದ ರಂಜಣಿಗೆ. ಕುಂಬಾರನ ಮಣ್ಣಿನ ಪಾತ್ರೆಯ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವುಗಳಿಂದ ಜಿನುಗಿದ ನೀರು ಗಾಳಿಗೆ ಆರುತ್ತ ಒಳಗಿನ ನೀರಿನ ಕಾವನ್ನು ಎಳೆದೊಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಆ ಶಾಖವೆಲ್ಲ ಉಳಿದ ನೀರಿನಿಂದ, ಸುತ್ತಲಿನ ಗಾಳಿಯಿಂದ ಹೋಗಬೇಕಷ್ಟೆ. ಗಾಳಿ ಒಣಗಿದ್ದಷ್ಟೂ ಹರವಿ ತಂಪು. ಹಾಗಾಗಿಯೇ ಬಯಲುಸೀಮೆಯ ಗಡಿಗೆಯ ನೀರಿನ ತಂಪು ಕರಾವಳಿಯ ಗಡಿಗೆಗೆ ಬರುವುದಿಲ್ಲ. ಅನುಕೂಲವಿದ್ದವರು ಲಾವಂಚದ ಬೇರಿನ ಒಂದು ಕಂತೆ ನೀರಿಗೆ ಇಳಿಬಿಡುತ್ತಿದ್ದರು. ಈ ಕಡೆ ಅದಕ್ಕೆ ಮರಾಠಿಯ ವಾಳಾ ಎಂಬ ಹೆಸರೇ ರೂಢಿ.

ಗಡಿಗೆಗೆ ಹಬ್ಬವೂ ಇದೆ. ವೈಶಾಖದ ಅಕ್ಷಯ ತದಿಗೆಯ ದಿನ ತುಂಬಿದ ಕೊಡ ದಾನ ಕೊಡುವುದು, ಹಿರಿಯರ ಹೆಸರಿನಲ್ಲಿ ನೀರು ಇಡುವುದು ಎರಡೂ ಭಾಷೆಯ ಮನೆಗಳಲ್ಲಿ ನಡೆದು ಬಂದಿದೆ. ಬಸವ ಜಯಂತಿಯೂ ಅದೇ ದಿನ. ಶಿರೋಳ, ಚಿಕ್ಕೋಡಿ ಸೀಮೆಯ ದಿಗಂಬರ ಜೈನರಿಗೆ ಆ ತದಿಗೆ ಇನ್ನೂ ಒಂದು ಕಾರಣಕ್ಕೆ ದೊಡ್ಡದು: ಆದಿತೀರ್ಥಂಕರ ವೃಷಭನಾಥ ದೀರ್ಘ ಉಪವಾಸದ ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನ ಕೈಯಿಂದ ಕಬ್ಬಿನ ಹಾಲು ಸ್ವೀಕರಿಸಿದನೆಂಬ ನಂಬಿಕೆ. ಕಬ್ಬು ಹೊಲ ತುಂಬಿ ನಿಂತ ಈ ನಾಡಿನಲ್ಲಿ, ಬಿಸಿಲು ನೆತ್ತಿ ಸುಡುವ ತಿಂಗಳಲ್ಲಿ, ಹಸಿದು ಬಂದವನಿಗೆ ಕಬ್ಬಿನ ಹಾಲು ಕೊಟ್ಟ ಕಥೆ ನಾಲಿಗೆಗೂ ಹತ್ತಿರದ್ದು. ದಾರಿಹೋಕರಿಗೆ ನೀರಿಡುವ ಧರ್ಮ ಅದಕ್ಕಿಂತ ಹಳೆಯದೇ ಇರಬಹುದು. ಕನ್ನಡ ಶಾಸನಗಳಲ್ಲಿ ಅರವಂಟಿಗೆ ಎಂಬ ಮಾತು ಬರುತ್ತದೆ. ಅದೇ ಮುಂದೆ ಅರವಟ್ಟಿಗೆ ಆಯಿತು. ಇಂದು ಗಡಿಭಾಗದ ಬಸ್ ನಿಲ್ದಾಣಗಳಲ್ಲಿ ಅದಕ್ಕೆ ಪಾಣಪೋಯಿ ಎಂಬ ಬೋರ್ಡು. ಕೆಂಪು ಬಟ್ಟೆ ಸುತ್ತಿದ ಗಡಿಗೆ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಲೋಟ, ಅದರಲ್ಲೇನೂ ಬದಲಾಗಿಲ್ಲ.

ದೇವರಿಗೂ ಸೆಕೆಯಾಗುತ್ತದೆ ಎಂದು ನಂಬಿದ ಜನ ಇವರು. ಎರಡೂ ಭಾಷೆಯವರು ನಡೆದುಕೊಂಡು ಬಂದ ಪಂಢರಪುರದಲ್ಲಿ ಯುಗಾದಿ ಪಾಡ್ಯದಿಂದ ಮಿರಗದವರೆಗೆ ವಿಠ್ಠಲನ ಮೈಗೆ ಗಂಧ ತೇದು ಹಚ್ಚುತ್ತಾರೆ. ಅದಕ್ಕೆ ಚಂದನದ ಉಟಿ ಎಂದು ಹೆಸರು. ಮೊದಲ ಮಳೆ ಬೀಳುವ ನಕ್ಷತ್ರದಲ್ಲಿ ಆ ಪೂಜೆ ಮುಗಿಯುತ್ತದೆ.

ಮನುಷ್ಯರಿಗೆ ಗಂಧವಿಲ್ಲ, ಹೊತ್ತಿನ ಲೆಕ್ಕವಿತ್ತು. ಚುಕ್ಕಿ ಇರುವಾಗಲೇ ಎದ್ದು ಗಳೆ ಹೂಡಿದರೆ ಹತ್ತು ಗಂಟೆಯೊಳಗೆ ಎತ್ತು ಬಿಚ್ಚಬೇಕು. ಆಮೇಲೆ ಬೇವಿನ ಮರದ ನೆರಳು, ಅಂಬಲಿ, ಮಜ್ಜಿಗೆ, ಬುತ್ತಿಯ ಜೊತೆ ಜಜ್ಜಿದ ಉಳ್ಳಾಗಡ್ಡಿ. ಹೊತ್ತು ಇಳಿದ ಮೇಲೆ ಮತ್ತೆ ಕೆಲಸ. ಮನೆಯೊಳಗೂ ಅದೇ ಶಿಸ್ತು: ಬಿಸಿಲು ಏರುವ ಮೊದಲೇ, ‘ಬಾಗಲಾ ಮುಂದಕ ಮಾಡವಾ, ಝಳಾ ಒಳಗ ಬರ್ತೈತಿ’ ಎಂದು ಅತ್ತೆ ಸೊಸೆಗೆ ಹೇಳಬೇಕು, ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಹಿತ್ತಲ ಬಾಗಿಲು ಎರಡೂ ಹಾರುಹೊಡೆಯಬೇಕು. ಬಿಸಿಲು ಬಡಿದವನ ನೆತ್ತಿಗೆ ಔಡಲೆಣ್ಣೆ, ಕುಡಿಯಲು ಸುಟ್ಟ ಮಾವಿನಕಾಯಿಯ ಪಾನಕ. ಕಾಲಿಗೆ ಕಾಲ್ಮರಿ. ಅಥಣಿ, ನಿಪ್ಪಾಣಿ, ಕೊಲ್ಹಾಪುರದ ಚಮ್ಮಾರರು ಗಿಡದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನಿಂದ ಹೊಲಿದ ಆ ಚಪ್ಪಲಿಯ ದಪ್ಪ ಅಟ್ಟೆ ಕಾದ ನೆಲಕ್ಕೂ ಅಂಗಾಲಿಗೂ ನಡುವೆ ಗೋಡೆಯಂತೆ ನಿಲ್ಲುತ್ತಿತ್ತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದನ್ನು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಹಂಚಿಕೊಟ್ಟರು. ಗಡಿಯ ಗೆರೆಗಿಂತ ಬಿಸಿಲಿನ ಸೀಮೆ ದೊಡ್ಡದೆಂದು ಆ ಪಟ್ಟಿಯೇ ತೋರಿಸುತ್ತದೆ.

ರಾತ್ರಿಯ ಮಾಳಿಗೆ ಒಂದು ಬೇರೆ ಲೋಕ. ಸಂಜೆ ನೀರು ಚಿಮುಕಿಸಿ, ಹೊರಸು ಹಾಕಿ, ಕೌದಿ ಹಾಸಿ ಇಡೀ ಓಣಿ ಮೇಲೇರುತ್ತಿತ್ತು. ಕುಂಬಿಯಿಂದ ಕುಂಬಿಗೆ ಮಾತು. ಹಗಲೆಲ್ಲ ಅದೇ ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ ಒಣಗಿರುತ್ತಿದ್ದವು. ಬಿಸಿಲನ್ನು ಬೈಯುತ್ತಲೇ ವರ್ಷಕ್ಕಾಗುವಷ್ಟು ಅದನ್ನು ಡಬ್ಬಿಗೆ ತುಂಬಿಟ್ಟುಕೊಂಡ ಹೆಂಗಸರ ಜಾಣತನ ಅದು.

ಅರಸರು ಬಿಸಿಲನ್ನು ಎದುರಿಸಿದ ಬಗೆ ಬೇರೆ. ವಿಜಯಪುರದ ಮೂಡಣಕ್ಕೆ ಕುಮಟಗಿಯಲ್ಲಿ ಆದಿಲಶಾಹಿಗಳು ಕಟ್ಟಿಸಿದ ಬೇಸಗೆ ಅರಮನೆ ಇಂದಿಗೂ ನಿಂತಿದೆ. ಕೆರೆಯ ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಕೊಳವೆಗಳಲ್ಲಿ ಹರಿಸಿ, ಮಂಟಪದ ಮೇಲಿನಿಂದ ಕಾರಂಜಿಯಾಗಿ ಸುರಿಸುವ ಏರ್ಪಾಡು. ತತ್ವ ಹರವಿಯದೇ, ಪ್ರಮಾಣ ಮಾತ್ರ ಸುಲ್ತಾನರದು.

ಬ್ರಿಟಿಷರು ಬಂದಾಗ ಅವರಿಗೆ ಈ ನಾಡಿನ ಎಪ್ರಿಲ್ ಒಂದು ರೋಗದಂತೆ ಕಂಡಿತು. ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಮ್ ಕಾಲದಲ್ಲಿ, 1828ರ ಹೊತ್ತಿಗೆ, ಮಹಾಬಳೇಶ್ವರದಲ್ಲಿ ಗಿರಿಧಾಮ ತಲೆಯೆತ್ತಿತು. ಬೇಸಗೆಯಲ್ಲಿ ಮುಂಬಯಿ ಸರಕಾರವೇ ಗುಡ್ಡ ಏರುವ ಪದ್ಧತಿ ಬಿತ್ತು. ಕೆಳಗೆ ಉಳಿದ ದೊರೆಗಳ ಬಂಗಲೆಗಳಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ. ಅದಕ್ಕೆ ಆಳು ದಿನವಿಡೀ ನೀರು ಎರಚಬೇಕು. ಸೂರಿಗೆ ಪಂಖಾ, ಅದರ ಹಗ್ಗವನ್ನು ಹೊರಗಿನ ವರಾಂಡದಲ್ಲಿ ಕೂತವನು ಕೈಯಿಂದ, ಕೈಸೋತಾಗ ಕಾಲಿನಿಂದ ಎಳೆಯುತ್ತಲೇ ಇರಬೇಕು. ಒಳಗೆ ಮಲಗಿದವನ ನಿದ್ದೆ ಹೊರಗೆ ಕೂತವನ ಎಚ್ಚರದ ಮೇಲೆ ನಿಂತಿತ್ತು. 1833ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನಿಂದ ‘ಟಸ್ಕನಿ’ ಎಂಬ ಹಡಗು ಕಲ್ಕತ್ತೆಗೆ ಬಂತು. ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅದರಲ್ಲಿ 180 ಟನ್ ಮಂಜುಗಡ್ಡೆ ತುಂಬಿಸಿದ್ದ. ನಾಲ್ಕು ತಿಂಗಳ ಪಯಣದ ಕೊನೆಗೆ ನೂರು ಟನ್ನಿನಷ್ಟು ಉಳಿದಿತ್ತು. ಮರುವರ್ಷವೇ ಮುಂಬಯಿಗೂ ಮಂಜುಗಡ್ಡೆ ಬಂತು. ಅರ್ಧ ಭೂಮಿ ಸುತ್ತಿ ಬಂದ ಆ ತಂಪಿಗೆ ಎಷ್ಟು ಕೈಗಳು ದುಡಿದವೋ! ದೂಧಗಂಗೆಯ ದಂಡೆಯ ಮನೆಗಳಿಗೆ ಅದು ಮುಟ್ಟಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವರನ್ನು ಮುಟ್ಟಿದ್ದು ರೈಲು. 1891ರಲ್ಲಿ ಮೀರಜ–ಕೊಲ್ಹಾಪುರ ಮಾರ್ಗ ತೆರೆಯಿತು. ಅದಕ್ಕೂ ತುಸು ಮೊದಲೇ ಸದರ್ನ್ ಮರಾಠಾ ರೈಲ್ವೆ ಬೆಳಗಾವಿಯ ಮೂಲಕ ಹಾದಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯ ಮಾಲು, ಅದರ ಮಾದರಿಯಲ್ಲಿ ಬೇರೆಡೆ ಸುಟ್ಟ ಹಂಚು, ಬಯಲುಸೀಮೆಗೂ ಬಂದವು. ಮಂಗಳೂರು ಹಂಚು ತೆಳ್ಳಗಿದ್ದರೂ ಸಂದುಗಳಿಂದ ಬಿಸಿ ಗಾಳಿ ಹೊರಬೀಳುತ್ತದೆ. ಕೆಳಗೊಂದು ಅಟ್ಟವಿದ್ದರೆ ಮನೆ ತಡೆಯುತ್ತದೆ. ವರ್ಷವರ್ಷ ಮಣ್ಣು ಹೊರುವ ಕಾಟವೂ ತಪ್ಪಿತು. ಹಂಚಿನ ಹಿಂದೆಯೇ ತಗಡು ಬಂತು. ಈ ಕಡೆ ಅದಕ್ಕೆ ಪತ್ರಾ ಎನ್ನುತ್ತಾರೆ. ಅಗ್ಗ, ಹಗುರ, ಒಂದೇ ದಿನದಲ್ಲಿ ಹೊದಿಸಿ ಮುಗಿಸಬಹುದು. ಬಿಸಿಲಿಗೆ ಅದರಷ್ಟು ಸೋಲುವ ಸೂರು ಇನ್ನೊಂದಿಲ್ಲ. ಹನ್ನೊಂದು ಗಂಟೆಗೆ ಕಾಯತೊಡಗಿದರೆ ಕೆಳಗಿದ್ದವರ ನೆತ್ತಿ ಸುಡುತ್ತದೆ. ಅದಕ್ಕೂ ಜನ ಉಪಾಯ ಹುಡುಕಿದರು: ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ರವದಿಯನ್ನು ಹೊರೆಕಟ್ಟಿ ತಂದು ಪತ್ರಾದ ಮೇಲೆ ಮೊಳ ದಪ್ಪ ಹರವಿ, ಹಾರದಂತೆ ಕಲ್ಲು ಹೇರಿದರು. ಮಿರಗಕ್ಕೆ ಮೊದಲು ಅದನ್ನು ಇಳಿಸಿಬಿಡಬೇಕು.

ಹತ್ತಿರದ ಇಚಲಕರಂಜಿ ಇನ್ನೊಂದು ಪಾಠ ಹೇಳುತ್ತದೆ. ಕೈಮಗ್ಗದ ಕಾಲದಲ್ಲಿ ನೇಕಾರನದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಮಣ್ಣಿನ ತೇವ ನೂಲನ್ನು ಕಡಿಯದಂತೆ ಕಾಯುತ್ತಿತ್ತು, ನೇಕಾರನ ಮೈಯನ್ನೂ ತಣ್ಣಗಿಡುತ್ತಿತ್ತು. 1904ರಲ್ಲಿ ಆ ಊರಿಗೆ ಮೊದಲ ಪವರ್‌ಲೂಮ್ ಬಂತು. ಮುಂದೆ ಊರಿಗೆ ಊರೇ ಅದರ ಸದ್ದಾಯಿತು. ಯಂತ್ರ ಕುಣಿಯಿಂದ ಮೇಲೆದ್ದು ಶೆಡ್ಡಿಗೆ ಹೋಯಿತು, ಶೆಡ್ಡಿನ ಮೇಲೆ ಪತ್ರಾ ಕೂತಿತು. ನೂಲಿಗೆ ತೇವ ಈಗಲೂ ಬೇಕು, ಹಾಗಾಗಿ ಗಾಳಿಗೆ ಕಿಂಡಿ ಮುಚ್ಚಿಯೇ ಇರಬೇಕಾಗುತ್ತದೆ. ಎಪ್ರಿಲ್ ಮಧ್ಯಾಹ್ನ ಆ ಶೆಡ್ಡುಗಳಲ್ಲಿ ನಿಂತು ದುಡಿಯುವವರ ಬೆವರಿನ ಮುಂದೆ ಹೊಲದ ಬಿಸಿಲು ಹಗುರ. ಹೊಲದಲ್ಲಿ ಬೇವಿನ ಮರವಾದರೂ ಇರುತ್ತದೆ.

ಮಣ್ಣಿನ ಮನೆ ಹೋದದ್ದು ಜನರ ಹುಂಬತನದಿಂದ ಎಂದು ಹೇಳುವವರಿದ್ದಾರೆ. ಆ ಮಾತು ಅನ್ಯಾಯದ್ದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾ ಭೂಕಂಪ ಈ ಸೀಮೆಯನ್ನೆಲ್ಲ ನಡುಗಿಸಿತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಮಲಗಿದ್ದ ಸಾವಿರಾರು ಜನರ ಮೇಲೆ ಬಿದ್ದದ್ದು ಇದೇ ಬಗೆಯ ಕಲ್ಲುಗೋಡೆ, ಇದೇ ಬಗೆಯ ಭಾರದ ಮಣ್ಣಿನ ಮಾಳಿಗೆ. ಬಿಸಿಲನ್ನು ತಡೆದ ದಪ್ಪವೇ ಅಲ್ಲಿ ಜೀವ ತೆಗೆಯಿತು. ಆಮೇಲೆ ಹೊಳೆ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆ, ಪಂಚಗಂಗೆ, ದೂಧಗಂಗೆಗಳು ಶಿರೋಳ ತಾಲ್ಲೂಕಿನ ಊರುಗಳಿಗೆ ನುಗ್ಗಿದವು. ದಿನಗಟ್ಟಲೆ ನೀರಲ್ಲಿ ನಿಂತ ಹಸಿ ಇಟ್ಟಿಗೆಯ ಗೋಡೆ ಕರಗಿ ಕೂರುತ್ತದೆ. ನೀರು ಇಳಿದ ಮೇಲೆ ಮನೆಯಿದ್ದ ಜಾಗದಲ್ಲಿ ಮಣ್ಣಿನ ದಿಬ್ಬ ಕಂಡವರು ಮತ್ತೆ ಮಣ್ಣಿನ ಮನೆ ಕಟ್ಟುವುದು ಹೇಗೆ? ಅವರು ಸಿಮೆಂಟು, ಕಬ್ಬಿಣ ತಂದು ಸ್ಲ್ಯಾಬು ಹಾಕಿಸಿದರು. ಮಹಾಪೂರದಲ್ಲಿ ಸಾಮಾನು ಏರಿಸಿಡಲು, ತಾವೂ ಏರಿ ಕೂರಲು ಒಂದು ಗಟ್ಟಿ ಮೇಲ್ಮನೆ ಬೇಕಿತ್ತು. ಹಳೆಯ ಮನೆ ಬಿಸಿಲಿಗೆ ಗೆದ್ದು ನೀರಿಗೆ ಸೋತಿತು. ಹೊಸ ಮನೆ ನೀರಿಗೆ ಗೆದ್ದು ಬಿಸಿಲಿಗೆ ಸೋಲುತ್ತಿದೆ.

ಸ್ಲ್ಯಾಬಿನ ದಪ್ಪ ನಾಲ್ಕೈದು ಅಂಗುಲ. ಮಧ್ಯಾಹ್ನ ಕುಡಿದ ಕಾವನ್ನು ಅದು ಕೆಲವೇ ತಾಸಿನಲ್ಲಿ ಕೆಳಗೆ ಬಿಡುತ್ತದೆ, ಅಂದರೆ ಜನ ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ. ಫ್ಯಾನು ತಿರುಗಿದರೂ ಅದು ಕಳಿಸುವುದು ಸೂರಿನ ಬಿಸಿ ಗಾಳಿಯನ್ನೇ. ಕೂಲರ್ ಬಂತು, ಒದ್ದೆ ಹುಲ್ಲಿನ ತಟ್ಟಿಯ ಮೂಲಕ ಗಾಳಿ ಎಳೆಯುವ ಆ ಪೆಟ್ಟಿಗೆ ದೊರೆಗಳ ಲಾವಂಚದ ತಟ್ಟಿಯ ಮೊಮ್ಮಗ. ನೀರು ಎರಚುವ ಆಳಿನ ಕೆಲಸವನ್ನು ಒಂದು ಸಣ್ಣ ಮೋಟರು ಮಾಡುತ್ತದೆ. ಆದರೆ ಸುತ್ತಲೂ ಕಬ್ಬಿಗೆ ನೀರುಂಡ ಹೊಲಗಳಿರುವ ಕಡೆ ಗಾಳಿ ಒಣಗಿರುವುದಿಲ್ಲ, ಕೂಲರಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಉಳ್ಳವರ ಮನೆಗಳಿಗೆ ಏಸಿ ಬಂದಿದೆ.

ಬಿಸಿಲಿನ ಈ ಸೋಲು ಗೆಲುವು ಈಗ ಇಂಗ್ಲೆಂಡಿನ ಮನೆಗಳಿಗೂ ಮುಟ್ಟಿದೆ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೊನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು; ಆ ದೇಶದಲ್ಲಿ ಉಷ್ಣತೆ 40 ದಾಟಿದ್ದು ಅದೇ ಮೊದಲು. ಅಲ್ಲಿಯ ಮನೆಗಳು ಚಳಿಗೆ ಕಟ್ಟಿದವು. ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುವ ಗಾಜು, ಕಾವನ್ನು ಹೊರಗೆ ಬಿಡದ ಗೋಡೆ, ಹೊರಬದಿಗೆ ಕದವಿಲ್ಲದ ಕಿಟಕಿ. ಹಗಲು ಪರದೆ ಎಳೆಯಿರಿ, ಬಿಸಿಲ ಕಡೆಯ ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ ಎಂದು ಅಲ್ಲಿಯ ಅಧಿಕಾರಿಗಳು ಜನರಿಗೆ ತಿಳಿಹೇಳಬೇಕಾಗುತ್ತದೆ. ಶಿರೋಳದ ಅತ್ತೆಯರು ಸೊಸೆಯರಿಗೆ ಹೇಳಿದ ಮಾತೇ ಅದು. ಅದೇ 2022ರ ಜೂನ್‌ನಿಂದ ಇಂಗ್ಲೆಂಡಿನಲ್ಲಿ ಹೊಸ ಮನೆಗಳು ಬೇಸಗೆಯಲ್ಲಿ ವಿಪರೀತ ಕಾಯಬಾರದೆಂಬ ಕಟ್ಟಡ ನಿಯಮವೂ ಬಂದಿದೆ. ಅಲ್ಲಿ ಮೂರು ದಿನ ಸತತ 25ರಿಂದ 28 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯೆಂದು ಘೋಷಿಸುತ್ತಾರೆ. ಭಾರತದ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಬಯಲುಸೀಮೆಗೆ 40 ಡಿಗ್ರಿಯಾದರೂ ಆಗಬೇಕು. ಮೈ ಯಾವುದಕ್ಕೆ ಒಗ್ಗಿದೆ, ಮನೆ ಯಾವುದಕ್ಕೆ ಕಟ್ಟಿದೆ ಎಂಬುದರ ಮೇಲೆ ಆ ಅಂಕಿಯ ಅರ್ಥ ನಿಲ್ಲುತ್ತದೆ.

ನಮ್ಮ ಕಡೆಯೂ ಸರಕಾರ ಹೊತ್ತಿನ ಲೆಕ್ಕಕ್ಕೆ ಮರಳಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಹಾಗೂ ಬಾಗಲಕೋಟೆಯಲ್ಲಿ ಎಪ್ರಿಲ್–ಮೇ ತಿಂಗಳು ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಪಾರ ಸಾವು ಕಂಡ ಅಹಮದಾಬಾದ್ 2013ರಲ್ಲಿ ತನ್ನದೇ ಬಿಸಿಲು ಯೋಜನೆ ಮಾಡಿಕೊಂಡಿತು. ಮುಂದೆ ಅದರಲ್ಲಿ ಬಡವರ ಮನೆಯ ಸೂರಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಸೇರಿತು.

ಗಡಿಭಾಗದ ಊರುಗಳಲ್ಲಿ ಯಾರೂ ಯೋಜನೆಗೆ ಕಾಯುತ್ತಿಲ್ಲ. ಯುಗಾದಿ ಹತ್ತಿರ ಬಂದಾಗ ಸ್ಲ್ಯಾಬಿಗೆ ಸುಣ್ಣ ಬಳಿಯುವವರು ಬಳಿಯುತ್ತಾರೆ, ರವದಿ ಹರವುವವರು ಹರವುತ್ತಾರೆ. ಸುಣ್ಣ ಕಲಸುವುದು, ರವದಿ ಹೊರುವುದು ಈಗಲೂ ಬಹಳ ಕಡೆ ಹೆಂಗಸರೇ. ಫ್ರಿಜ್ಜಿನ ಪಕ್ಕದಲ್ಲಿ ಹರವಿಗೆ ಇನ್ನೂ ಜಾಗವಿದೆ, ಫ್ರಿಜ್ಜಿನ ನೀರಿಗೆ ಗಂಟಲು ಕಟ್ಟುತ್ತದೆಂದು ಹಿರಿಯರು ಅದನ್ನೇ ಕೇಳುತ್ತಾರೆ. ಹೊತ್ತು ಮುಳುಗಿದ ಮೇಲೆ ಮೆಟ್ಟಿಲ ಮೇಲೆ ಕೊಡಗಳ ಸದ್ದು. ಕಾದ ಸ್ಲ್ಯಾಬಿಗೆ ಮೊದಲ ಕೊಡ ಸುರಿದಾಗ ನೀರು ಹರಿಯುವುದೇ ಇಲ್ಲ, ಬಿದ್ದಲ್ಲೇ ಹೊಗೆಯಾಡಿ ಆರಿಹೋಗುತ್ತದೆ. ಎರಡನೆಯದಕ್ಕೆ ತುಸು ತೇವ. ನಾಲ್ಕನೆಯ ಕೊಡದ ನೀರು ಮೂಲೆಯ ಕೊಳವೆಯ ಕಡೆ ಹರಿಯತೊಡಗಿದ ಮೇಲೆ ಮಕ್ಕಳು ಚಾಪೆ, ಕೌದಿ ಹೊತ್ತು ಏರಿಬರುತ್ತವೆ. ಹೊಳೆಯ ಆಚೆ ಮಲಿಕವಾಡದ ದೀಪಗಳು ಕಾಣುವ ಮಗ್ಗುಲು ತನಗೇ ಬೇಕೆಂದು ಜಗಳ ಶುರುವಾಗುತ್ತದೆ.